ಜರಡಿ ಹಿಡಿದ ಭಜನೆ

ಅವತ್ತು ಕಾರ್ತಿಕದ ಕಡೆಯ ಸೋಮವಾರ. ಬೆಳಗಿನಿಂದಲೇ ಅತ್ತಿಬೆಲೆಯ ಮೇಲೆ ಮೋಡ ಒದ್ದೆ ಕಂಬಳಿಯ ಹಾಗೆ ಜೋತುಬಿದ್ದಿತ್ತು. ಕಾರ್ಖಾನೆಗಳ ಚಿಮಣಿಯಿಂದ ಹೊರಟ ಹೊಗೆ ಮೇಲಕ್ಕೇರುವ ಮನಸ್ಸಿಲ್ಲದೆ ಅಲ್ಲೇ ತಾರಸಿಗಳ ಮೇಲೆ ಕುಕ್ಕರಗಾಲಲ್ಲಿ ಕೂತಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಬರುತ್ತೇನೆಂದು ಹೇಳಿ ಕಳಿಸಿತ್ತು, ಅಷ್ಟೆ.

ಹೊಸಿಲು ದಾಟುತ್ತಿದ್ದ ನಲ್ಲಪ್ಪನನ್ನು ತಾಯಿ ಸುಬ್ಬಲಕ್ಷ್ಮಮ್ಮ ಒಳಗಿನಿಂದಲೇ ಕೇಳಿದರು. “ಕೊಡೆ ತಗಂಡ್ಯಾ ಮಗ?”

“ಹೂಂ.”

ತಗೊಂಡಿರಲಿಲ್ಲ. ಅವನು ಸ್ಕೂಟರನ್ನು ಹೊರಗೆ ತಳ್ಳುವಷ್ಟರಲ್ಲಿ ಮುದುಕಿ ಕೈಯಲ್ಲಿ ಕೊಡೆ ಹಿಡಿದು ಬಾಗಿಲಿಗೇ ಬಂದರು. “ಕೊಡೆ ತಗಂಡ್ಯಾ ಮಗ?”

ಸಾಕಾಯಿತು. ಐವತ್ತರ ಹತ್ತಿರದ ನಲ್ಲಪ್ಪನ ಮೂಗಿನ ಹೊಳ್ಳೆಗಳು ಅರಳಿದವು.

“ಒಂದ್ಸಲ ಹೇಳಿದ್ರೆ ಸಾಕು ಅಂತ ಎಷ್ಟು ಸಲ ಹೇಳೋದಮ್ಮ ನಿಂಗೆ? ಯಾವ ಮಾತನ್ನೂ ಮೂರು ಸಲಕ್ಕೆ ಕಮ್ಮಿ ನೀನು ಆಡಿದ್ದಿಲ್ಲ. ಈಗ ಎರಡಾಯ್ತು. ಮೂರನೇದು ನಿನ್ನ ಹತ್ರಾನೇ ಬಾಕಿ ಇರ್ಲಿ. ಸಾಯಂಕಾಲ ಗುಡೀಲಿ ತೀರಿಸು!”

ಮುದುಕಿ ತೆರೆದ ಬಾಯಿ ಮುಚ್ಚಿದರು. ಕೊಡೆಯನ್ನು ಮತ್ತೆ ಗೂಟಕ್ಕೆ ನೇತುಹಾಕಿದರು. ನಲ್ಲಪ್ಪ ಹಟಕ್ಕೆ ಬಿದ್ದು ಬರಿಗೈಯಲ್ಲೇ ಹೊರಟ.

ಕೋಪಕ್ಕೆಂದೇ ದೇವರು ಕೆಲವರನ್ನು ಒಲೆಯ ಮೇಲಿಟ್ಟು ಕಳಿಸಿರುತ್ತಾನೆ. ನಲ್ಲಪ್ಪ ಅಂಥವರಲ್ಲಿ ಒಬ್ಬ. ಅವನ ಕೋಪವೆಲ್ಲ ಒಂದೇ ವಿಷಯದ ಮೇಲೆ: ಎರಡನೇ ಸಲ. ಬಸ್ ಕಂಡಕ್ಟರ್ ಎರಡನೇ ಸಲ ಟಿಕೆಟ್ ಕೇಳಿದರೆ ಕೋಪ. ನೆಂಟರು “ಚೆನ್ನಾಗಿದ್ದೀರಾ” ಎಂದವರೇ ಮತ್ತೆ “ಎಲ್ಲಾ ಚೆನ್ನಾಗಿದ್ದೀರಾ” ಎಂದರೆ ಕೋಪ. ಮಂಗಳಾರತಿಯ ಹೊತ್ತಿಗೆ ಪೂಜಾರಿ ಗಂಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಬಾರಿಸಿದನೆಂದು ಒಮ್ಮೆ ಗುಡಿಯಿಂದ ಎದ್ದು ಬಂದಿದ್ದ.

ಬಸ್ ಸ್ಟ್ಯಾಂಡಿನ ಪಕ್ಕ ಅವನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಸುತ್ತಲಿನ ಕಾರ್ಖಾನೆಗಳ ಲೇಬರ್ ಕಂಟ್ರಾಕ್ಟರುಗಳು ಕೆಲಸಗಾರರ ಪಟ್ಟಿಗಳನ್ನು ಅಲ್ಲಿಗೆ ತರುತ್ತಿದ್ದರು. ಆ ಫೈಲುಗಳೋ, ಸಂತೆ ಮುಗಿದ ಮೈದಾನದಂತಿರುತ್ತಿದ್ದವು. ಒಂದೇ ಹೆಸರು ಐದು ಕಡೆ, ನಡುವೆ ನಾಲ್ಕು ಖಾಲಿ ಸಾಲು, ಪದಕ್ಕೂ ಪದಕ್ಕೂ ಮಧ್ಯೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಹಲ್ಲು ಕಡಿದೂ ಕಡಿದೂ ಸಾಕಾಗಿ ನಲ್ಲಪ್ಪ ಯೂಟ್ಯೂಬ್ ನೋಡಿ ಕಲಿತು ಮೂರು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದ. ಒಂದೊಂದೂ ಹತ್ತು ಹದಿನೈದು ಸಾಲು. ಖಾಲಿ ಸಾಲುಗಳನ್ನು ಗುಡಿಸಿಹಾಕುವುದಕ್ಕೆ ‘ಪೊರಕೆ’ ಅಂತ ಹೆಸರು. ಹೆಚ್ಚಿನ ಸ್ಪೇಸ್‌ಗಳನ್ನು ಬಾಚಿ ತೆಗೆಯುವುದಕ್ಕೆ ‘ಬಾಚಣಿಗೆ’. ಫೈಲಿನಲ್ಲಿ ಒಮ್ಮೆ ಬಂದ ಸಾಲು ಮತ್ತೆ ಎಲ್ಲೇ ಬಂದರೂ ಕಿತ್ತೆಸೆಯುವುದು ‘ಜರಡಿ’. ಜರಡಿಯೆಂದರೆ ಅವನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗಿಂತ ಹೆಚ್ಚು.

ಹೋದ ವಾರವಷ್ಟೇ, ಮೂರನ್ನೂ ಬೇರೆಬೇರೆಯಾಗಿ ಒತ್ತುವುದು ಕೂಡ ಮೂರು ಸಲ ಒತ್ತಿದ ಹಾಗಲ್ಲವೇ ಎಂದು ಕೋಪ ಬಂದು, ಮೂರನ್ನೂ ಒಂದೇ ಗುಂಡಿಗೆ ಕಟ್ಟಿಹಾಕಿದ್ದ. ಗುಂಡಿಯ ಮೇಲೆ ಪೊರಕೆಯ ಚಿತ್ರ. ಒಂದು ಒತ್ತು, ಅಂಗಳ ಸ್ವಚ್ಛ. ಹಳೆಯ ಫೈಲನ್ನು ಬೇರೆ ಇಟ್ಟುಕೊಳ್ಳುವ ಪದ್ಧತಿ ಅವನಲ್ಲಿರಲಿಲ್ಲ. ಒಂದೇ ಫೈಲು ಎರಡು ಕಡೆ ಯಾಕಿರಬೇಕು?

ಅಂಗಡಿ ತೆರೆದು ದೀಪ ಹಚ್ಚಿ ಕೈಮುಗಿದವನೇ ಅವತ್ತಿನ ಮುಖ್ಯ ಕೆಲಸಕ್ಕೆ ಕೂತ. ಅವನ ತಾಯಿಯ ಭಜನೆಯ ಪುಸ್ತಕ.

ಸುಬ್ಬಲಕ್ಷ್ಮಮ್ಮ ಬಸವಣ್ಣನ ಗುಡಿಯಲ್ಲಿ ಅರವತ್ತು ವರ್ಷದಿಂದ ಪದ ಹೇಳಿಕೊಂಡು ಬಂದವರು. ಅವರು ಒಂದು ಸಾಲು ಎತ್ತಿಕೊಟ್ಟರೆ ಹೆಂಗಸರೆಲ್ಲ ಮರಳಿ ಮರಳಿ ಬರುವ ಸೊಲ್ಲು ಹಿಡಿಯುವರು. ಅಷ್ಟರಲ್ಲಿ ಮುದುಕಿ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋಗುವರು. ಆದರೆ ಜೊತೆಗೆ ಹೇಳುತ್ತಿದ್ದ ಹಳಬರು ಒಬ್ಬೊಬ್ಬರೇ ಶಿವನ ಪಾದ ಸೇರಿದ್ದರು. ಈಗ ಗುಡಿಗೆ ಬರುವವರು ಬಾಡಿಗೆ ರೂಮುಗಳ ಹೊಸ ಹೆಂಗಸರು. ಕೊಪ್ಪಳ, ಯಾದಗಿರಿ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ಪ್ಯಾಕಿಂಗ್ ಮಾಡುವವರು. ಭಕ್ತಿ ಬೇಕಾದಷ್ಟಿತ್ತು, ಪದ ಗೊತ್ತಿರಲಿಲ್ಲ. ಸೊಲ್ಲು ಹಿಡಿಯುವವರಿಲ್ಲದೆ ಹೋದ ಸೋಮವಾರ ಎರಡನೇ ಪದಕ್ಕೇ ಮುದುಕಿಗೆ ದಮ್ಮು ಕಟ್ಟಿ, ಪೂಜಾರಿ ನೀರು ಕುಡಿಸಿ ಬೆನ್ನು ತಟ್ಟಬೇಕಾಯಿತು. “ಇನ್ನು ನನ್ನ ಕೈಲಾಗಲ್ಲ, ಕಡೇ ಸೋಮವಾರದ್ದೊಂದು ಹೇಳಿ ನಿಲ್ಲಿಸ್ಬುಡ್ತೀನಿ” ಎಂದಿದ್ದರು.

ಅದಕ್ಕೇ ಭಜನೆ ಸಂಘದ ಮುನಿಯಕ್ಕ ಪಟ್ಟು ಹಿಡಿದು, ಮುದುಕಿಯ ಬಾಯಿಂದ ಇಪ್ಪತ್ತೊಂದು ಪದ ಹೇಳಿಸಿ, ತನ್ನ ಸೊಸೆ ರಾಣಿಯಿಂದ ಟೈಪು ಮಾಡಿಸಿದ್ದಳು. ರಾಣಿ ಕಂಪನಿಯ ಕಂಪ್ಯೂಟರಿನಲ್ಲಿ ಕದ್ದು ಟೈಪು ಮಾಡಿ, ಪೆನ್‌ಡ್ರೈವಿಗೆ ಹಾಕಿ, ಮ್ಯಾನೇಜರಿಗೆ ಹೆದರಿ ಅಲ್ಲಿಂದ ಅಳಿಸಿದ್ದಳು. ಪ್ರತಿ ಪದದ ನೆತ್ತಿಗೆ ‘ಪದ’ ಅಂತ ಒಂದು ಸಾಲು. ಸುಬ್ಬಲಕ್ಷ್ಮಮ್ಮ ಹೇಳುವ ಕಡೆ ‘ಅಜ್ಜಿ’ ಅಂತ ಒಂದು ಸಾಲು. ಸೊಲ್ಲು ಹಿಡಿಯುವ ಕಡೆ ‘ಎಲ್ಲರೂ’ ಅಂತ ಒಂದು ಸಾಲು. ಅದರ ಕೆಳಗೆ ಸೊಲ್ಲು, ಎಷ್ಟು ಸಲ ಹಾಡಬೇಕೋ ಅಷ್ಟು ಸಲವೂ.

ನಲ್ಲಪ್ಪ ಪೆನ್‌ಡ್ರೈವಿನಲ್ಲೇ ಆ ಫೈಲು ತೆರೆದ. ಅವನ ಕಿವಿಯ ತುದಿ ಕೆಂಪಾಯಿತು.

“ಏನ್ರೀ ಇದು! ಒಂದೇ ಸಾಲು ಒಂಬತ್ತು ಸಲ! ಓದೋರೇನು ಕುರುಡ್ರಾ?”

ಗುಂಡಿ ಒತ್ತಿದ. ಸಾವಿರದ ಚಿಲ್ಲರೆ ಸಾಲು ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರಕ್ಕೆ ಇಳಿಯಿತು. ನಲ್ಲಪ್ಪನಿಗೆ ಮೈಯಲ್ಲಿನ ಜ್ವರ ಇಳಿದಂತಾಯಿತು. ಪದಗಳನ್ನು ಓದಲು ಹೋಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದನ್ನು ಮತ್ತೆ ಯಾಕೆ ಓದಬೇಕು? ನೂರಿಪ್ಪತ್ತು ಪ್ರತಿ ಅಚ್ಚು ಹಾಕಿ, ಮಡಚಿ, ಪಿನ್ನು ಹೊಡೆದು, ಹನ್ನೊಂದು ಗಂಟೆಗೆ ಮೇಜಿನ ಮೇಲೆ ಒಟ್ಟಿಟ್ಟ.

ಆಗ ಮುನಿಯಕ್ಕ ಬಂದಳು. ಜೊತೆಗೆ ದುರ್ಗವ್ವ, ಹೊಸ ಹೆಂಗಸರ ಪೈಕಿ ಗಟ್ಟಿ ಗಂಟಲಿನವಳು. ಮುನಿಯಕ್ಕ ಪುಸ್ತಕ ಕಣ್ಣಿಗೊತ್ತಿಕೊಂಡು, ಬಿಡಿಸಿ, ರಾಗವಾಗಿ ಓದತೊಡಗಿದಳು.

“ಬಂದಾನೆ ಬಸವ ಕೆರೆಯೇರಿ ಮೇಲೆ, ಕೊರಳ ಗಂಟೆ ನುಡಿಸ್ಯಾನೆ... ಬಾಗಿಲ ದೀಪ ತಗ್ಗಿಸಬ್ಯಾಡಿ, ಬಸವ ಒಳಗೆ ಬರಲಿ... ಕೈತುಂಬ ಹಸಿರು ಬಳೆಯ ತೊಟ್ಟು, ಮುಡಿತುಂಬ ಮಲ್ಲಿಗೆ ಮುಡಿದು...”

ಅವಳ ರಾಗ ಎಡವಿತು.

“ಇದು ಗೌರಮ್ಮನ ಪದ ಅಲ್ವಾ? ಬಸವಣ್ಣ ಯಾಕೆ ಬಳೆ ತೊಟ್ಕಂಡವ್ನೆ?”

“ಮುಂದ ಓದ್ರಿ ಅಕ್ಕಾರ” ಎಂದಳು ದುರ್ಗವ್ವ.

“ನೆರೆಮನೆ ಬೆಣ್ಣೆ ಕದ್ದು ತಿಂದು, ಸೆರಗಿಗೆ ಮೂತಿ ಒರೆಸ್ಯಾನೆ...” ಮುನಿಯಕ್ಕನ ದನಿ ಕೀರಲಾಯಿತು. “ಬಳೆ ತೊಟ್ಟು, ಹೂವು ಮುಡಿದು, ಬೆಣ್ಣೆ ಕದ್ದವ್ನೆ ನಮ್ಮ ಬಸವಣ್ಣ! ನಲ್ಲಪ್ಪಣ್ಣ! ಏನ್ ಮಾಡ್ಬುಟ್ಟೆ ನಮ್ಮ ದೇವ್ರನ್ನ?”

ದುರ್ಗವ್ವ ಪುಸ್ತಕವನ್ನು ತಿರುವಿ ಹಾಕಿದಳು. “ಅಣ್ಣಾರ, ಪದ ಅಂತ ಒಮ್ಮೆ ಐತಿ. ಅಜ್ಜಿ ಅಂತ ಒಮ್ಮೆ ಐತಿ. ಎಲ್ಲರೂ ಅಂತ ಒಮ್ಮೆ ಐತಿ. ಅಂದ್ರ ಅಜ್ಜಿ ಎರಡ ಸಾಲು ಅಂದು ಸುಮ್ಮನ ಕುಂಡ್ರೂದು, ಉಳಿದದ್ದೆಲ್ಲಾ ನಾವ ಅನ್ನೂದೇನ್ರೀ?”

“ಮತ್ತೆ ಮತ್ತೆ ಬರೆದಿದ್ದನ್ನ ತೆಗೆದಿದ್ದೀನಿ, ಅಷ್ಟೇ!” ನಲ್ಲಪ್ಪ ಕುರ್ಚಿಯಿಂದ ಎದ್ದ. “ಸೊಲ್ಲು ಒಂದ್ಸಲ ಇದೆ ತಾನೆ? ಒಂದ್ಸಲ ಇದ್ರೆ ಸಾಲ್ದಾ?”

“ಸೊಲ್ಲನ್ನ ಒಂದ್ಸಲ ಹೇಳಕ್ಕೆ ಅದೇನು ನಿನ್ನ ಜೆರಾಕ್ಸ್ ಬಿಲ್ಲಾ?” ಮುನಿಯಕ್ಕ ಪುಸ್ತಕವನ್ನು ಮೇಜಿಗೆ ಬಡಿದಳು. “ನಿಮ್ಮವ್ವ ಉಸ್ರು ತಗಳಾದೇ ಆ ಸೊಲ್ಲಲ್ಲಿ! ಅದನ್ನೇ ತೆಗ್ದಿದ್ದೀಯಲ್ಲೋ!”

ಈ ಮಾತು ನಲ್ಲಪ್ಪನಿಗೆ ನಾಟಿತು. ಹೋದ ಸೋಮವಾರ ಪೂಜಾರಿ ತಟ್ಟಿದ ಆ ಬಾಗಿದ ಬೆನ್ನು ಕಣ್ಣಮುಂದೆ ಬಂತು. ನಾಟಿದ್ದು ಹೊರಗೆ ಗೊತ್ತಾಗಬಾರದೆಂದು ಇನ್ನಷ್ಟು ಕೂಗಿದ. ಕೂಗು ಕೇಳಿ ಪಕ್ಕದ ಟೈಲರ್ ಮಲ್ಲಿಕ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದ. ಎದುರಿನ ಟೀ ಅಂಗಡಿಯ ಲಕ್ಷ್ಮಯ್ಯ ಸೋಸುವ ಬಟ್ಟೆ ಹಿಡಿದು ಬಂದ. ಆಧಾರ್ ಜೆರಾಕ್ಸಿಗೆ ನಿಂತಿದ್ದವರೆಲ್ಲ ಆಧಾರ್ ಮರೆತು ಪುಸ್ತಕ ಓದತೊಡಗಿದರು.

“ಹಳೇ ಫೈಲ್ ಇದೆಯಲ್ಲ ಭಾಯ್, ಅದನ್ನೇ ಹಾಕಿ” ಎಂದ ಮಲ್ಲಿಕ್.

ನಲ್ಲಪ್ಪ ಪೆನ್‌ಡ್ರೈವನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದ.

“ಇಲ್ವಾ? ನಾನೇ ಬಟ್ಟೆ ಕತ್ತರಿಸೋ ಮುಂಚೆ ಪೇಪರಲ್ಲಿ ಕತ್ತರಿಸ್ತೀನಿ!”

“ನೀನು ಹೋಗಿ ನಿನ್ನ ಪೇಪರ್ ಕತ್ತರ್ಸು!”

“ನಮ್ಮನೇಲೂ ಹಿಂಗೇ,” ಲಕ್ಷ್ಮಯ್ಯ ಶಾಂತವಾಗಿ ಶುರು ಮಾಡಿದ. “ಟೀ ಸೋಸುವಾಗ ಮಗಳು ಟೀನ ಚೆಲ್ಲಿ ಚರಟ ಇಟ್ಕೊಂಡಿದ್ಳು...”

“ಲಕ್ಷ್ಮಯ್ಯ, ನಿನ್ನ ಕಾಲಿಗೆ ಬೀಳ್ತೀನಿ, ಹೋಗು!”

ಯಾವ ಪದ ಎಲ್ಲಿ ಮುಗಿಯುತ್ತದೆ, ಸೊಲ್ಲು ಎಲ್ಲೆಲ್ಲಿ ಮರಳುತ್ತದೆ ಎಂದು ಬಲ್ಲವರು ಊರಿನಲ್ಲಿ ಒಬ್ಬರೇ. ಮುನಿಯಕ್ಕ ಆಟೋ ಹಿಡಿದು ಹೋಗಿ ಅವರನ್ನು ಕರೆತಂದಳು. ಸುಬ್ಬಲಕ್ಷ್ಮಮ್ಮ ಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು, ಜೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು. ಆದದ್ದನ್ನು ಕೇಳಿದರು. ಬಯ್ಯಲಿಲ್ಲ. ಬೈದಿದ್ದರೆ ನಲ್ಲಪ್ಪ ತಿರುಗಿ ಕೂಗಿ ಹಗುರಾಗುತ್ತಿದ್ದ. ಆ ಸುಖವನ್ನೂ ಕೊಡಲಿಲ್ಲ.

“ಸಾಯಂಕಾಲಕ್ಕೆ ಉಸ್ರು ಉಳಿಸ್ಕಬೇಕು ಮಗ. ಒಂದ್ಸಲ ಹೇಳ್ತೀನಿ. ಒಂದ್ಸಲ ಹೇಳುದ್ರೆ ಸಾಕಲ್ವಾ ನಿಂಗೆ?”

ಅಂಗಡಿಯಲ್ಲಿದ್ದವರೆಲ್ಲ ಎದುರಿನ ಗೋಡೆ ನೋಡಿದರು. ಮಲ್ಲಿಕ್ ಕೆಮ್ಮಿದ.

ಮುದುಕಿ ಪಿಸುದನಿಯಲ್ಲಿ ಒಂದು ಸಾಲು ಹೇಳಿದರು. ನಲ್ಲಪ್ಪ ಅರ್ಧ ಟೈಪು ಮಾಡುವಷ್ಟರಲ್ಲಿ ಮೂರನೇ ಸಾಲಿಗೆ ಹೋಗಿದ್ದರು.

“ಅಮ್ಮ, ಇನ್ನೊಂದ್ಸಲ.”

ಮುದುಕಿ ಬಾಯಿ ಬಿಗಿದು ಕೂತರು.

“ಅಮ್ಮಾ... ಆ ಎರಡನೇದು...”

“ನಾ ಅಂತೀನ್ರಿ ಅಣ್ಣಾರ” ಎಂದು ದುರ್ಗವ್ವ ಮುಂದೆ ಬಂದಳು. ಕೇಳಿದ್ದನ್ನು ಹಾಗೇ ಗಟ್ಟಿಯಾಗಿ ಎತ್ತಿ ಹೇಳಿದಳು. ನಲ್ಲಪ್ಪ ಟೈಪು ಮಾಡಿದ. ತಪ್ಪಿದ. ಮತ್ತೆ ಕೇಳಿದ. ಮತ್ತೆ ಹೇಳಿದಳು. ಜೀವಮಾನದಲ್ಲಿ ಯಾರನ್ನೂ ಎರಡನೇ ಸಲ ಕೇಳದ ಮನುಷ್ಯ ಆ ಮಧ್ಯಾಹ್ನ ಪ್ರತಿ ಸಾಲನ್ನೂ ಮೂರು ಸಲ ಕೇಳಿದ. ಕೇಳುವಾಗೆಲ್ಲ ಕಿವಿಯಿಂದ ಹೊಗೆ ಬರುತ್ತಿತ್ತು.

ಎರಡು ಗಂಟೆಗೆ ಮೊದಲ ಪಾಳಿ ಬಿಟ್ಟಿತು. ದುರ್ಗವ್ವನ ಜೊತೆಯವರು ಹತ್ತು ಹನ್ನೆರಡು ಜನ ಊಟದ ಡಬ್ಬಿ ಹಿಡಿದುಕೊಂಡೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ದುರ್ಗವ್ವ ಹೇಳಿದ್ದನ್ನು ಅವರೂ ಹೇಳಿದರು. ಕರೆಂಟು ಹೋಯಿತು, ಬರುವವರೆಗೆ ಸುಮ್ಮನಿರುವುದು ಯಾಕೆಂದು ಅದುವರೆಗಿನ ಹನ್ನೊಂದು ಪದಗಳನ್ನೂ ಮೊದಲಿನಿಂದ ಹೇಳಿದರು. ಮಲ್ಲಿಕ್ ಹೊಲಿಗೆ ಮೆಷಿನ್ನನ್ನು ತಾಳಕ್ಕೆ ಸರಿಯಾಗಿ ತುಳಿದ. ಲಕ್ಷ್ಮಯ್ಯ ಟೀ ಎತ್ತಿ ಹೊಯ್ಯುತ್ತಲೇ “ಬಸವ ಒಳಗೆ ಬರಲಿ” ಎಂದ. ಪಟ್ಟಿ ತಂದ ಕಂಟ್ರಾಕ್ಟರ್ ಒಬ್ಬ, “ಸಾರ್, ನಂದು ಲೇಬರ್ ಲಿಸ್ಟು ಅರ್ಜೆಂಟು” ಎಂದು ಎರಡನೇ ಸಲ ಹೇಳಿದ್ದಕ್ಕೆ ನಲ್ಲಪ್ಪ ಅವನ ಪಟ್ಟಿಯನ್ನೇ ಬೀದಿಗೆಸೆದ.

ಐದು ಗಂಟೆಗೆ ಇಪ್ಪತ್ತೊಂದನೇ ಪದ ಮುಗಿಯಿತು. ಎಲ್ಲ ‘ಪದ’ಗಳೂ, ಎಲ್ಲ ‘ಅಜ್ಜಿ’ಗಳೂ, ಎಲ್ಲ ‘ಎಲ್ಲರೂ’ಗಳೂ ತಂತಮ್ಮ ಜಾಗಕ್ಕೆ ಬಂದು ಕೂತಿದ್ದವು. ಮುನಿಯಕ್ಕ ಪರದೆಯ ಮೇಲೆ ಒಂದೊಂದನ್ನೂ ಓದಿ, ಬಸವಣ್ಣನ ಕೈಯಲ್ಲಿ ಬಳೆಯಿಲ್ಲವೆಂದು ಖಾತರಿ ಮಾಡಿಕೊಂಡಳು. “ಆರಕ್ಕೆ ದೀಪ ಹಚ್ತೀವಿ. ತಡ ಆದ್ರೆ ಗುಡಿ ಬಾಗ್ಲಲ್ಲೇ ನಿಂಗೆ ಮಂಗಳಾರತಿ!” ಎಂದು, ಮುದುಕಿಯನ್ನೂ ಹೆಂಗಸರನ್ನೂ ಕರೆದುಕೊಂಡು ಹೊರಟಳು.

ಅಂಗಡಿ ತಣ್ಣಗಾಯಿತು. ನಲ್ಲಪ್ಪ ಪ್ರಿಂಟಿಗೆ ಕೊಡುವ ಮುಂಚೆ ಒಮ್ಮೆ ಕಣ್ಣಾಡಿಸಿದ. ಅವಸರದಲ್ಲಿ ಬೆರಳು ಎಲ್ಲೆಲ್ಲೋ ಬಿದ್ದಿತ್ತು. ಅಲ್ಲೊಂದು ಇಲ್ಲೊಂದು ಖಾಲಿ ಸಾಲು. ಮೊದಲ ಪುಟದಲ್ಲಿ, ತಾಯಿಯ ಹೆಸರಿಗೂ ‘ಪದಗಳು’ ಎನ್ನುವುದಕ್ಕೂ ನಡುವೆಯೇ ಮೂರು ಸ್ಪೇಸು. ಅಮ್ಮನ ಹೆಸರಿನ ಪಕ್ಕದಲ್ಲೇ ಇಂಥ ಹಳ್ಳ! ಮುಖ ಸಿಂಡರಿಸಿ, ಅದನ್ನು ಸರಿಪಡಿಸಿ, ಪ್ರಿಂಟು ಕೊಟ್ಟ. ಮಲ್ಲಿಕನನ್ನು ಕರೆದು ಮಡಚಲು ಕೂರಿಸಿಕೊಂಡ.

ಹತ್ತು ಪುಸ್ತಕ ಮಡಚಿದ ಮೇಲೆ ಮಲ್ಲಿಕ್ ಒಂದನ್ನು ಹೆಬ್ಬೆರಳಿನಲ್ಲಿ ಅಳೆದ. “ಭಾಯ್, ಇದು ಬೆಳಗಿನ ಪುಸ್ತಕದಷ್ಟೇ ತೆಳ್ಳಗಿದೆಯಲ್ಲ?”

“ಮಡಚು ಮಡಚು, ಟೈಮಿಲ್ಲ.”

“ಅಲ್ಲ ಭಾಯ್, ತೆಳ್ಳಗಿದೆ ಅಂದೆ...”

“ಒಂದ್ಸಲ ಹೇಳಿದ್ದು ಕೇಳಿಸ್ತು!”

ಮಲ್ಲಿಕ್ ಹನ್ನೊಂದನೇ ಪುಸ್ತಕಕ್ಕೆ ಕೈಹಾಕಿದ.

ಸ್ಕೂಟರಿನ ಮುಂದೆ ಪುಸ್ತಕದ ಕಟ್ಟು, ಹಿಂದೆ ಮಲ್ಲಿಕ್. ಗುಡಿಯ ತಿರುವಿಗೆ ಬರುವಾಗ ಬೆಳಗ್ಗೆ ಹೇಳಿ ಕಳಿಸಿದ್ದ ಮಳೆ ತಾನೇ ಬಂತು. ಮಲ್ಲಿಕ್ ತನ್ನ ಅಂಗಿ ಬಿಚ್ಚಿ ಕಟ್ಟಿಗೆ ಹೊದಿಸಿದ. ಒದ್ದೆ ಕೋಳಿಗಳಂತೆ ಇಬ್ಬರೂ ಗುಡಿಯ ಮೊಗಸಾಲೆ ಹತ್ತಿದರು. ಪುಸ್ತಕಕ್ಕೆ ಒಂದು ಹನಿಯೂ ತಾಗಿರಲಿಲ್ಲ. ನಲ್ಲಪ್ಪನಿಗೆ ಆ ದಿನ ಮೊದಲ ಬಾರಿ ಎದೆಯುಬ್ಬಿತು.

ಒಳಗೆ ನೂರೊಂದು ದೀಪ. ಬಸವಣ್ಣನ ಕಲ್ಲಿನ ಮೈ ಎಣ್ಣೆಗಪ್ಪಾಗಿ ಹೊಳೆಯುತ್ತಿತ್ತು. ಚಾಪೆಯ ಮೇಲೆ ಎಪ್ಪತ್ತು ಹೆಂಗಸರು, ಮುಂದೆ ಸುಬ್ಬಲಕ್ಷ್ಮಮ್ಮ. ಪುಸ್ತಕಗಳು ಕೈಯಿಂದ ಕೈಗೆ ಹೋದವು. ಮುನಿಯಕ್ಕ ಎದ್ದು, “ನಮ್ಮ ನಲ್ಲಪ್ಪಣ್ಣ ಬೆಳಗ್ಗೆ ತಪ್ಪು ಮಾಡುದ್ರೂ ಸಾಯಂಕಾಲ ಸರಿ ಮಾಡ್ದ” ಎಂದಳು. ಅವಳ ಬಾಯಲ್ಲಿ ಅಷ್ಟು ಬಂದದ್ದೇ ಸನ್ಮಾನ.

ಮುದುಕಿ ಕಣ್ಣು ಮುಚ್ಚಿ ಎತ್ತಿಕೊಂಡರು. “ಬಂದಾನೆ ಬಸವ ಕೆರೆಯೇರಿ ಮೇಲೆ, ಕೊರಳ ಗಂಟೆ ನುಡಿಸ್ಯಾನೆ...”

ಎಪ್ಪತ್ತು ಪುಸ್ತಕ ತೆರೆದವು. ನಲ್ಲಪ್ಪನೂ ಕಂಬಕ್ಕೊರಗಿ ಒಂದನ್ನು ತೆರೆದ.

ಬಾಗಿಲ ದೀಪ ತಗ್ಗಿಸಬ್ಯಾಡಿ, ಬಸವ ಒಳಗೆ ಬರಲಿ. ಕೈತುಂಬ ಹಸಿರು ಬಳೆಯ ತೊಟ್ಟು, ಮುಡಿತುಂಬ ಮಲ್ಲಿಗೆ ಮುಡಿದು. ನೆರೆಮನೆ ಬೆಣ್ಣೆ ಕದ್ದು ತಿಂದು...

ನಲ್ಲಪ್ಪ ಪುಸ್ತಕವನ್ನು ಹೆಬ್ಬೆರಳಿನಲ್ಲಿ ಅಳೆದ. ಮೂರು ಸ್ಪೇಸನ್ನು ಸರಿಪಡಿಸಿದ್ದು ಹೇಗೆಂದು ಆಗ ನೆನಪಾಯಿತು. ಬೆರಳು ತಾನಾಗಿ ಹೋಗಿ ಪೊರಕೆಯ ಚಿತ್ರದ ಮೇಲೆ ಕೂತಿತ್ತು. ಅದರ ಹಿಂದೆ ಬಾಚಣಿಗೆಯ ಜೊತೆ ಜರಡಿಯನ್ನೂ ಕಟ್ಟಿಹಾಕಿದವನು ಬೇರೆ ಯಾರೂ ಅಲ್ಲ. ಮಧ್ಯಾಹ್ನವಿಡೀ ಊರೆಲ್ಲ ಸೇರಿ ತುಂಬಿಸಿದ್ದನ್ನು ಅದು ಒಂದೇ ಉಸಿರಿಗೆ ಕುಡಿದುಬಿಟ್ಟಿತ್ತು. ಹಳೆಯ ಫೈಲು ಈ ಸಲವೂ ಇರಲಿಲ್ಲ.

ಮುಂದೆ ಕೂತಿದ್ದ ದುರ್ಗವ್ವ ಪುಟ ತಿರುವಿದಳು. ಇನ್ನೊಂದು ತಿರುವಿದಳು. ಹಿಂದಕ್ಕೆ ತಿರುಗಿ ಕಂಬದ ಕಡೆ ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಸುಬ್ಬಲಕ್ಷ್ಮಮ್ಮನ ಸಾಲು ಮುಗಿಯಿತು. ಉಸಿರಿಗಾಗಿ ಮುದುಕಿಯ ಎದೆಗೂಡು ಎದ್ದಿತು. ಗುಡಿಯೆಲ್ಲ ನಿಶ್ಶಬ್ದ. ನಲ್ಲಪ್ಪ ಹಲ್ಲು ಕಚ್ಚಿ ಕಣ್ಣು ಮುಚ್ಚಿದ.

ದುರ್ಗವ್ವ ಪುಸ್ತಕ ಮಡಚಿ ತೊಡೆಯ ಕೆಳಗಿಟ್ಟುಕೊಂಡಳು.

“ಬಾಗಿಲ ದೀಪ ತಗ್ಗಿಸಬ್ಯಾಡಿ, ಬಸವ ಒಳಗೆ ಬರಲಿ!”

ಅವಳ ಹಿಂದೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಹನ್ನೆರಡು ಗಂಟಲು. ಅವರ ಹಿಂದೆ ಉಳಿದವರು. ಒಂದೊಂದು ಸೊಲ್ಲೂ ನಲ್ಲಪ್ಪ ಕೇಳಿದ್ದಕ್ಕೆ ಮೂರುಮೂರು ಸಲ ಹೇಳಿ ನಾಲಿಗೆಯ ಮೇಲೆ ಕೂತಿತ್ತು. ಇಪ್ಪತ್ತೊಂದು ಪದವೂ ನಡೆಯಿತು. ಮುದುಕಿಗೆ ಒಮ್ಮೆಯೂ ದಮ್ಮು ಕಟ್ಟಲಿಲ್ಲ. ಕಡೆಯ ಪದ ಮುಗಿದಾಗ ಅವರು, “ಶಿವರಾತ್ರಿಗೂ ಹೇಳಾಣ ಕಣ್ರವ್ವ” ಎಂದರು.

ಪುಸ್ತಕಗಳನ್ನು ಯಾರೂ ಮತ್ತೆ ತೆರೆಯಲಿಲ್ಲ. ಪೂಜಾರಿ ಅವುಗಳ ಹಾಳೆ ಕಿತ್ತು ಉಸಲಿ ಹಂಚಿದ. ಬಳೆ ತೊಟ್ಟ ಬಸವಣ್ಣನ ಮೇಲೆ ಕಡಲೆಕಾಳು ಚೆನ್ನಾಗಿಯೇ ಕೂತಿತು.

ಮುನಿಯಕ್ಕ ಕಂಬದ ಹತ್ತಿರ ಬಂದಳು. ಗುಡಿಯೊಳಗೆ ಕೂಗಬಾರದೆಂದು ಹಲ್ಲಿನ ಸಂದಿಯಲ್ಲೇ ಹೇಳಿದಳು. “ಶಿವರಾತ್ರಿಗೆ ಮತ್ತೆ ಮಾಡ್ಕೊಡ್ಬೇಕು. ಮೂರ್ನೇ ಸಲ. ಪ್ರತಿ ಸಾಲೂ ನನ್ ಕಣ್ಮುಂದೆ ಕೈಯಾರೆ ಟೈಪ್ ಮಾಡು. ಗೊತ್ತಾಯ್ತಾ? ಗೊತ್ತಾಯ್ತಾ ಅಂದೆ? ಗೊತ್ತಾಯ್ತಾ?”

ನಲ್ಲಪ್ಪ ಮೂರಕ್ಕೂ ತಲೆಯಾಡಿಸಿದ.

ಮಲ್ಲಿಕ್ ಒದ್ದೆ ಅಂಗಿ ಹಿಂಡುತ್ತ ಹೇಳಿದ. “ಭಾಯ್, ಒಂದ್ಸಲ ಹೇಳಿದ್ರೆ ಸಾಕು ಅಂತಿದ್ರಿ. ಒಂದ್ಸಲ ತಪ್ಪು ಮಾಡಿದ್ರೆ ಸಾಕಾಗ್ಲಿಲ್ವಾ?”

ಹೊರಗೆ ಮಳೆ ಹಿಡಿದುಕೊಂಡಿತ್ತು. ಹೆಂಗಸರು ಸೆರಗು ಹೊದ್ದು ಒಬ್ಬೊಬ್ಬರೇ ಇಳಿದು ಹೋದರು. ನಲ್ಲಪ್ಪ ಬಾಗಿಲ ಬಳಿ ನಿಂತು ಆಕಾಶದ ಮೇಲೆ ಹಲ್ಲು ಮಸೆಯುತ್ತಿದ್ದ. ನೆಂದದ್ದು ಸಾಲದೆಂದು ಮತ್ತೆ ನೆನೆಯಬೇಕು.

ಸುಬ್ಬಲಕ್ಷ್ಮಮ್ಮ ಬಂದು ಪಕ್ಕದಲ್ಲಿ ನಿಂತರು. ಮಡಿಲಲ್ಲಿಟ್ಟುಕೊಂಡು ತಂದಿದ್ದ ಚೀಲದಿಂದ ಬೆಳಗಿನ ಆ ಕೊಡೆಯನ್ನು ಹೊರಗೆ ತೆಗೆದು, ಮಗನ ಕೈಗಿಟ್ಟು, ಅವನ ಬೆರಳುಗಳನ್ನು ಅದರ ಹಿಡಿಯ ಮೇಲೆ ಮಡಚಿದರು. ಬೇರೆ ಯಾರಿಗೂ ಕೇಳಿಸದಷ್ಟು ಮೆತ್ತಗೆ ಕೇಳಿದರು.

“ಕೊಡೆ ತಗಂಡ್ಯಾ ಮಗ?”